ಎದ್ದು ಊಟ ಮಾಡು

ಫೋನಿನಲ್ಲಿ ನಾಲ್ಕು ಅಲಾರಂ ಇಟ್ಟಿದ್ದೆ. ರಾತ್ರಿ 10, 12, 2, 4. ಅವ್ವನನ್ನು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ಬೆನ್ನಿನ ಕೆಳಗೆ ಹುಣ್ಣಾಗುತ್ತದೆ ಎಂದು ಆಸ್ಪತ್ರೆಯಿಂದ ಬಿಡುವಾಗ ನರ್ಸ್ ಹೇಳಿ ಕಳಿಸಿದ್ದರು. ಒಂದು ಕೈ ಭುಜದ ಕೆಳಗೆ, ಇನ್ನೊಂದು ಸೊಂಟದ ಕೆಳಗೆ. ಮೊಣಕಾಲು ಮಡಚಿ, ನಿಧಾನಕ್ಕೆ ನನ್ನ ಕಡೆಗೆ ಎಳೆದುಕೊಳ್ಳಬೇಕು. ಬೆನ್ನ ಹಿಂದೆ ಒಂದು ದಿಂಬು, ಎರಡು ಮೊಣಕಾಲಿನ ನಡುವೆ ಒಂದು ದಿಂಬು. ಬಲಗೈ ಸತ್ತಂತೆ ಬಿದ್ದಿರುತ್ತದೆ, ಅದು ಮೈ ಕೆಳಗೆ ಸಿಕ್ಕದ ಹಾಗೆ ನೋಡಿಕೊಳ್ಳಬೇಕು. ಹಾಸಿಗೆಗೆ ಗಾಳಿ ತುಂಬುವ ಮಷಿನ್ ರಾತ್ರಿಯಿಡೀ ಗುಂಯ್ ಅನ್ನುತ್ತಿತ್ತು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

2022ರ ನವೆಂಬರ್‌ನಲ್ಲಿ ಅವ್ವನಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಚಹಾ ಕುಡಿಯುತ್ತಾ ಕೂತಿದ್ದಳು. ಕಪ್ ಕೈಯಿಂದ ಜಾರಿತು. "ಏನಾತವ್ವಾ?" ಅಂದೆ. ಮಾತಾಡಲು ಬಾಯಿ ತೆರೆದಳು, ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಮಾತು ಬರಲಿಲ್ಲ. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ದಿನ ಹೋದವು. ಹದಿನಾರು ದಿನ ಆಸ್ಪತ್ರೆಯಲ್ಲಿದ್ದು, ಮೂಗಿನಲ್ಲಿ ನಳಿಕೆ ಹಾಕಿಸಿಕೊಂಡು ಮನೆಗೆ ಬಂದಳು. ಆಗ ಅವಳಿಗೆ 71 ವರ್ಷ.

ನಾವು ಧಾರವಾಡದವರು. ನಮ್ಮ ಮನೆತನ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಕಾಲದಿಂದಲೂ ಕ್ರೈಸ್ತರದು. ಮಂಗಳೂರಿಗೆ 1834ರಲ್ಲಿ ಬಂದ ಮಿಷನರಿಗಳು 1837ರಲ್ಲಿ ಧಾರವಾಡಕ್ಕೆ ಬಂದರು. ಅವರು ತಂದ ಜರ್ಮನ್ ರಾಗಗಳಿಗೆ ಕನ್ನಡದ ಮಾತು ಹೊಂದಿಸಿದ ಹಾಡುಗಳನ್ನು ನಮ್ಮ ಸಭೆಯಲ್ಲಿ ಇವತ್ತಿಗೂ ಹಾಡುತ್ತೇವೆ. ಅವ್ವ ನಲವತ್ತು ವರ್ಷ ಗಾಯನ ಮಂಡಳಿಯಲ್ಲಿ ಆಲ್ಟೋ, ಅಂದರೆ ಹೆಂಗಸರ ತಗ್ಗಿನ ದನಿಯ ಪಾಲು, ಹಾಡಿದವಳು. ಅಡುಗೆ ಮಾಡುವಾಗಲೂ ರಾಗ ಹಿಡಿಯದೆ ಆಲ್ಟೋವನ್ನೇ ಗುನುಗುತ್ತಿದ್ದಳು. ಬರೀ ಅದನ್ನು ಕೇಳಿದರೆ ಯಾವ ಹಾಡು ಅಂತ ಗೊತ್ತೇ ಆಗುತ್ತಿರಲಿಲ್ಲ. ಇಂಥ ಮನೆಯವರು ಅಂದ ಮೇಲೆ ನಾವು ಗಟ್ಟಿಯಾಗಿರುತ್ತೇವೆ ಅಂತ ಎಲ್ಲರೂ ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಮೊದಲ ತಿಂಗಳು ಗಟ್ಟಿಯಾಗಿಯೇ ಇದ್ದೆ. ನೋಡಲು ಬಂದವರಿಗೆ ನಾನೇ ಧೈರ್ಯ ಹೇಳುತ್ತಿದ್ದೆ. ರಾಗಿ ಗಂಜಿ ಕಾಯಿಸಿ, ತೆಳ್ಳನೆ ಬಟ್ಟೆಯಲ್ಲಿ ಸೋಸಿ, ಆರಿಸಿ, ದೊಡ್ಡ ಸಿರಿಂಜಿನಲ್ಲಿ ತುಂಬಿ ನಳಿಕೆಗೆ ಬಿಡುವುದನ್ನು ಕಲಿತೆ. ಒಂದು ಸಲಕ್ಕೆ 200 ಎಂಎಲ್, ಆಮೇಲೆ ನಳಿಕೆ ತೊಳೆಯಲು ಒಂದಿಷ್ಟು ನೀರು. ತಲೆ ಎತ್ತರಕ್ಕೆ ಇಟ್ಟು ಅರ್ಧ ತಾಸು ಕಾಯಬೇಕು, ಇಲ್ಲದಿದ್ದರೆ ಗಂಜಿ ಶ್ವಾಸಕೋಶಕ್ಕೆ ಇಳಿಯುವ ಭಯ. ದಿನಕ್ಕೆ ಆರು ಸಲ. ನಡುವೆ ಬಟ್ಟೆ ಬದಲಿಸುವುದು, ಮೈ ಒರೆಸುವುದು, ಔಷಧಿ, ಕೈಕಾಲಿನ ವ್ಯಾಯಾಮ. ನಮ್ಮ ಮನೆಯವರು ವಾಯವ್ಯ ಸಾರಿಗೆಯಲ್ಲಿ ಕಂಡಕ್ಟರ್. ವಾರದಲ್ಲಿ ಮೂರು ದಿನ ನೈಟ್ ಹಾಲ್ಟ್ ಡ್ಯೂಟಿ. ಮಗಳಿಗೆ ಪಿಯುಸಿ ಎರಡನೇ ವರ್ಷ. ಅಣ್ಣ ದುಬೈನಲ್ಲಿದ್ದಾನೆ, ದುಡ್ಡು ಕಳಿಸುತ್ತಿದ್ದ, ಕಳಿಸದೇ ಇರಲಿಲ್ಲ. ಆದರೆ ರಾತ್ರಿ ಎರಡಕ್ಕೆ ದುಡ್ಡು ಬಂದು ಅವ್ವನನ್ನು ಮಗ್ಗಲು ತಿರುಗಿಸುವುದಿಲ್ಲ.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೆ. ಮಷಿನ್ ಮೇಲೆ ಬಟ್ಟೆಯ ಗಂಟು ಹಾಗೇ ಕೂತಿತು. ಒಬ್ಬೊಬ್ಬರಾಗಿ ಬಂದು ಬಟ್ಟೆ ವಾಪಸ್ ಒಯ್ದರು. ಪಾಪ, ಅವರದೇನು ತಪ್ಪು? ಮದುವೆ ಸೀಜನ್ ಯಾರಿಗೂ ಕಾಯುವುದಿಲ್ಲ.

ಫೆಬ್ರುವರಿ ಹೊತ್ತಿಗೆ ನನ್ನೊಳಗೆ ಏನೋ ಬತ್ತಿಹೋಗಿತ್ತು. ಅಳು ಬರುತ್ತಿರಲಿಲ್ಲ. ಯಾರಾದರೂ ಹೇಗಿದ್ದೀರಿ ಅಂದರೆ ಸಿಟ್ಟು ಬರುತ್ತಿತ್ತು. ಬೈಬಲ್ ತೆರೆದರೆ ಅಕ್ಷರ ಕಾಣುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ. ಭಾನುವಾರ ಆರಾಧನೆಗೆ ಹೋಗುವುದನ್ನೂ ಬಿಟ್ಟೆ. ಅವ್ವನನ್ನು ನೋಡಿಕೊಳ್ಳಲು ಯಾರೂ ಇಲ್ಲ ಅಂತ ಕಾರಣ ಕೊಡುತ್ತಿದ್ದೆ. ಅದು ನಿಜವೂ ಹೌದು. ಆದರೆ ಮಗಳು ಮನೆಯಲ್ಲಿದ್ದ ಭಾನುವಾರವೂ ನಾನು ಹೋಗಲಿಲ್ಲ.

ಆ ದಿನಗಳಲ್ಲೇ ದೂರದ ಪರಿಚಯದವರೊಬ್ಬರು ಮನೆಗೆ ಬಂದರು. ಅವ್ವನ ತಲೆಯ ಮೇಲೆ ಕೈಯಿಟ್ಟು ಜೋರಾಗಿ ಪ್ರಾರ್ಥಿಸಿದರು. ಹೋಗುವಾಗ ಬಾಗಿಲಲ್ಲಿ ನಿಂತು, "ಮನೆಯವರ ನಂಬಿಕೆ ಗಟ್ಟಿ ಇದ್ದರೆ ಇಷ್ಟೊತ್ತಿಗೆ ಎದ್ದು ಓಡಾಡುತ್ತಿದ್ದರು" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಆ ಮಾತು ಮುಳ್ಳಿನ ಹಾಗೆ ಚುಚ್ಚಿಕೊಂಡಿತು. ರಾತ್ರಿ ಗಂಜಿ ಸೋಸುವಾಗ, ಬಟ್ಟೆ ಹಿಂಡುವಾಗ, ಅದೇ ಮಾತು. ನನ್ನಿಂದಲೇ ಅವ್ವ ಏಳುತ್ತಿಲ್ಲವಾ?

ಆ ರಾತ್ರಿಯ ಬಗ್ಗೆ ಬರೆಯಲು ನನಗೆ ಇಷ್ಟವಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಇದನ್ನು ಬಿಟ್ಟು ಉಳಿದದ್ದನ್ನು ಹೇಳಿದರೆ ಸುಳ್ಳಾಗುತ್ತದೆ.

ಎರಡರ ಅಲಾರಂ ಹೊಡೆಯಿತು. ಎದ್ದು ಲೈಟ್ ಹಾಕಿದೆ. ಅವ್ವ ಎಡಗೈಯಿಂದ ಮೂಗಿನ ನಳಿಕೆ ಕಿತ್ತುಹಾಕಿದ್ದಳು. ಆ ವಾರದಲ್ಲಿ ಅದು ಮೂರನೇ ಸಲ. ಮತ್ತೆ ಹಾಕಿಸಲು ಬೆಳಿಗ್ಗೆ ನರ್ಸನ್ನು ಕರೆಸಬೇಕು, ಅಲ್ಲಿಯವರೆಗೆ ಗಂಜಿ ಇಲ್ಲ, ಮಾತ್ರೆ ಇಲ್ಲ. ಅಂಗಿ ಒದ್ದೆ. ಹಾಸಿಗೆ ಒದ್ದೆ. ಹನ್ನೆರಡಕ್ಕಷ್ಟೇ ಬದಲಿಸಿದ್ದೆ. ನಾನು ಅವಳ ಎಡಗೈಯನ್ನು ಗಟ್ಟಿಯಾಗಿ ಹಿಡಿದು ಕೂಗಿದೆ. "ಸಾಕವ್ವಾ! ನನಗ ಸಾಕಾಗೈತಿ!"

ಅವ್ವ ನನ್ನನ್ನೇ ನೋಡಿದಳು. ನಾನು ಕೈ ಬಿಟ್ಟೆ. ಅವಳು ಅದೇ ಎಡಗೈಯಿಂದ ಚಾದರದ ಅಂಚು ಹುಡುಕಿದಳು. ಸಿಕ್ಕಿತು. ನಿಧಾನಕ್ಕೆ ಎಳೆದುಕೊಂಡು ಮುಖ ಮುಚ್ಚಿಕೊಂಡಳು.

ನಾನು ಅಡುಗೆಮನೆಗೆ ಹೋಗಿ ನೆಲದ ಮೇಲೆ ಕೂತೆ. ಕರ್ತನೇ ಅನ್ನಲೂ ಬಾಯಿ ಬರಲಿಲ್ಲ. ಬೆಳಗಾಗದಿದ್ದರೆ ಸಾಕು ಅನಿಸಿತು. ಆಮೇಲೆ ಎದ್ದು ಹೋಗಿ, ಚಾದರ ಸರಿಸಿ, ಅವಳ ಅಂಗಿ ಬದಲಿಸಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಎರಡು ದಿನ ಬಿಟ್ಟು ನಮ್ಮ ಸಭಾಪಾಲಕರು ಬಂದರು. ಯಾರೂ ಹೇಳಿ ಕಳಿಸಿರಲಿಲ್ಲ, ಮೂರು ವಾರದಿಂದ ನಾನು ಕಾಣಲಿಲ್ಲ ಅಂತ ಬಂದದ್ದು. ಅವ್ವನ ಹತ್ತಿರ ಕೂತು ಬೈಬಲ್‌ನ ಒಂದು ಕೀರ್ತನೆ ಓದಿದರು. ಚಹಾ ಕೊಡುವಾಗ ನನ್ನ ಬಾಯಿಂದ ಎಲ್ಲ ಹೊರಗೆ ಬಂತು. ಕೂಗಿದ್ದು, ಕೈ ಹಿಡಿದದ್ದು, ಚಾದರ. ಕೊನೆಗೆ, "ಪಾಸ್ಟರ್, ನನಗ ಪ್ರಾರ್ಥನಾ ಮಾಡಾಕ ಬರವಲ್ದು" ಅಂದೆ.

ಬುದ್ಧಿ ಹೇಳುತ್ತಾರೆ ಅಂತ ಕಾಯುತ್ತಿದ್ದೆ. ಅವರು ಬಸಿ ಕೆಳಗಿಟ್ಟು, "ಬರದಿದ್ರ ಬ್ಯಾಡ. ನಿಮ್ಮ ಪಾಲಿನ ಪ್ರಾರ್ಥನಾ ನಾವು ಸಭಿಯವರು ಮಾಡ್ತೀವಿ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಕೆಲಸ ಮಾಡ್ರಿ. ಒಂದನೇ ಅರಸುಗಳು 19ನೇ ಅಧ್ಯಾಯ. ಎಂಟನೇ ವಚನದ ತನಕ ಅಷ್ಟ ಓದ್ರಿ, ಮುಂದ ಹೋಗಬ್ಯಾಡ್ರಿ. ದೇವರು ಮೊದಲ ಏನು ಮಾಡಿದ ಅನ್ನೋದನ್ನ ನನಗ ಹೇಳ್ರಿ."

ಅರಸುಗಳು ಬೈಬಲ್‌ನ ಪುಸ್ತಕ, ಆ ಅಧ್ಯಾಯದಲ್ಲಿರುವುದು ಎಲೀಯನೆಂಬ ಪ್ರವಾದಿಯ ಕಥೆ. ಎಲೀಯ ಭಾನುವಾರ ಶಾಲೆಯಿಂದ ಗೊತ್ತು. ನಮಗೆ ಕಲಿಸಿದ್ದು ಜಾಸ್ತಿ ಕರ್ಮೆಲ್ ಬೆಟ್ಟದ ಕಥೆ. ಆಕಾಶದಿಂದ ಬೆಂಕಿ ಇಳಿದದ್ದು, ಬಾಳ್ ಎಂಬ ಅನ್ಯದೇವರ ಪ್ರವಾದಿಗಳು ಸೋತದ್ದು. ಅದರ ಮುಂದಿನ ಕಥೆಯನ್ನು ನಾನು ಗಮನವಿಟ್ಟು ಓದಿಯೇ ಇರಲಿಲ್ಲ. ಈಜೆಬೆಲ್ ರಾಣಿ ಕೊಲ್ಲಿಸುತ್ತೇನೆ ಅಂತ ಹೇಳಿ ಕಳಿಸುತ್ತಾಳೆ. ಅಷ್ಟು ದೊಡ್ಡ ಪ್ರವಾದಿ ಹೆದರಿ ಓಡುತ್ತಾನೆ. ಬೇರ್ಷೆಬದಲ್ಲಿ ತನ್ನ ಆಳನ್ನು ಬಿಟ್ಟು, ಒಬ್ಬನೇ ಒಂದು ದಿನದ ದಾರಿ ಅಡವಿಯೊಳಗೆ ನಡೆದು, ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಅನ್ನುತ್ತಾನೆ.

ಸಾಕು. ಅದೇ ಮಾತು. ಅಪ್ಪನ ಹಳೆಯ ಬೈಬಲ್‌ನಲ್ಲಿ ಓದುತ್ತಿದ್ದೆ, ಆ ಸಾಲಿನ ಕೆಳಗೆ ಅಪ್ಪ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಅಪ್ಪನಿಗೂ ಯಾವಾಗಲೋ ಸಾಕಾಗಿತ್ತು. ನಮಗೆ ಗೊತ್ತೇ ಆಗಲಿಲ್ಲ.

ಮುಂದೆ ಓದಿದೆ. ದೇವರು ಎಲೀಯನಿಗೆ ಬೈಯುವುದಿಲ್ಲ. ಮೊನ್ನೆ ಬೆಂಕಿ ಇಳಿಸಿದೆನಲ್ಲಾ, ಇವತ್ತು ನಿನ್ನ ನಂಬಿಕೆ ಎಲ್ಲಿ ಹೋಯಿತು ಅಂತ ಕೇಳುವುದಿಲ್ಲ. ಉಪದೇಶವೂ ಇಲ್ಲ. ಎಲೀಯ ಮಲಗಿ ನಿದ್ದೆ ಮಾಡುತ್ತಾನೆ. ದೇವದೂತ ಬಂದು ಅವನನ್ನು ಮುಟ್ಟಿ, ಎದ್ದು ಊಟ ಮಾಡು ಅನ್ನುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ. ಆಗಲೂ ಬೈಗುಳ ಇಲ್ಲ. ದೂತ ಎರಡನೇ ಸಲ ಬಂದು ಮುಟ್ಟುತ್ತಾನೆ. ಎದ್ದು ಊಟ ಮಾಡು, ನಿನ್ನ ದಾರಿ ಇನ್ನೂ ದೂರ ಇದೆ. ಆ ಊಟದ ಬಲದಿಂದ ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟುತ್ತಾನೆ.

ಸಭಾಪಾಲಕರಿಗೆ ಫೋನ್ ಮಾಡಿದೆ. "ಮೊದಲ ನಿದ್ದಿ ಮಾಡಾಕ ಬಿಟ್ಟ. ಆಮ್ಯಾಲೆ ರೊಟ್ಟಿ ಕೊಟ್ಟ" ಅಂದೆ. ಅತ್ತ ಕಡೆಯಿಂದ, "ಹೌದಲ್ರೀ? ಹಂಗಾದ್ರ ನಿಮಗ ನಿದ್ದಿ ಕೊಡಾಕ ಯಾರು ಬರಬೇಕು ಹೇಳ್ರಿ" ಅಂದರು.

ಈ ಪ್ರಶ್ನೆಗೆ ಉತ್ತರ ಕೊಡುವುದು ಪ್ರಾರ್ಥನೆಗಿಂತ ಕಷ್ಟವಾಯಿತು. ನನ್ನ ಅವ್ವನ ಒದ್ದೆ ಬಟ್ಟೆಯನ್ನು ಬದಲಿಸಲು ಇನ್ನೊಬ್ಬರಿಗೆ ಹೇಗೆ ಬಿಡಲಿ? ಮಗಳಾಗಿ ಇಷ್ಟೂ ಮಾಡಲಾಗಲಿಲ್ಲವಾ ಅನ್ನುವುದಿಲ್ಲವಾ? ಒಂದು ವಾರ ಯಾರ ಹೆಸರನ್ನೂ ಹೇಳಲಿಲ್ಲ. ಕೊನೆಗೆ ನನ್ನನ್ನು ಕೇಳದೆ, ನಮ್ಮ ಸಭೆಯ ಸ್ತ್ರೀಯರ ಅನ್ಯೋನ್ಯ ಕೂಟದ ಅಕ್ಕ ಒಬ್ಬರು ಶನಿವಾರ ಮಧ್ಯಾಹ್ನ ಎರಡಕ್ಕೆ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತರು. ರಿಟೈರ್ ಆದ ನರ್ಸ್ ಅಲ್ಲ, ಏನೂ ಅಲ್ಲ. ಮನೆಯಲ್ಲಿ ಅತ್ತೆಯನ್ನು ಆರು ವರ್ಷ ನೋಡಿಕೊಂಡವರು.

"ಏ ತಂಗಿ, ಎಷ್ಟು ದಿನ ಆತು ನೀ ಮಕ್ಕೊಂಡು? ಅವ್ವಗ ಏನೇನು ಮಾಡಬೇಕು ಒಮ್ಮೆ ತೋರ್ಸು. ಆಮ್ಯಾಲೆ ಹೋಗಿ ಮಕ್ಕೋ."

ತೋರಿಸಿದೆ. ನಾನು ಹೇಳುವುದಕ್ಕಿಂತ ಚೆನ್ನಾಗಿ ದಿಂಬು ಇಟ್ಟರು. ಒಳಗೆ ಹೋಗಿ ಮಲಗಿದೆ. ನಿದ್ದೆ ಬರುವುದಿಲ್ಲ ಅಂದುಕೊಂಡಿದ್ದೆ, ತಲೆ ಇಟ್ಟದ್ದಷ್ಟೇ ನೆನಪು.

ಎಚ್ಚರವಾದಾಗ ಹೊರಗೆ ಕತ್ತಲಾಗುತ್ತಿತ್ತು. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು. ಜೋಳದ ಹಿಟ್ಟು ಸುಡುವ ವಾಸನೆ. ಅಕ್ಕ ಒಳಗೆ ಬಂದು ನನ್ನ ಭುಜ ತಟ್ಟಿದರು. "ಎದ್ದೀ? ಊಟ ಮಾಡು ಬಾ, ಆರತೈತಿ."

ಸಭಾಪಾಲಕರು ನನಗೆ ಓದಲು ಏನು ಹೇಳಿದ್ದರು ಅಂತ ಆಕೆಗೆ ಗೊತ್ತಿರಲಿಲ್ಲ. ಆಮೇಲೆ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ತಾಟಿನಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಮೊದಲ ತುತ್ತು ಬಾಯಿಗಿಟ್ಟಾಗ ಅಳು ಬಂತು. ಮೂರು ತಿಂಗಳಿಂದ ಬರದ ಅಳು. ಆಕೆ ಏನೂ ಕೇಳಲಿಲ್ಲ, ಇನ್ನೊಂದು ರೊಟ್ಟಿ ಹಾಕಿದರು. ನಾನು ಅಳುತ್ತಲೇ ನಾಲ್ಕು ರೊಟ್ಟಿ ತಿಂದೆ.

ಅಲ್ಲಿಂದ ಶನಿವಾರ ಮತ್ತು ಬುಧವಾರ ಸರದಿ ಶುರುವಾಯಿತು. ಐದು ಜನ ಹೆಂಗಸರು. ಕ್ಯಾಲೆಂಡರ್ ಮೇಲೆ ಪೆನ್ನಿನಿಂದ ಹೆಸರು ಬರೆದರು. ನಮ್ಮ ಮನೆಯವರು ಡಿಪೋದಲ್ಲಿ ಕೇಳಿಕೊಂಡು ನೈಟ್ ಹಾಲ್ಟ್ ಒಂದು ದಿನಕ್ಕೆ ಇಳಿಸಿಕೊಂಡರು. ನಾನು ಬಾಯಿಬಿಟ್ಟು ಹೇಳುವ ತನಕ, ನಾನು ಸಂಭಾಳಿಸುತ್ತಿದ್ದೇನೆ ಅಂತಲೇ ಅವರು ನಂಬಿದ್ದರು. ಡಾಕ್ಟರ್ ಹತ್ತಿರವೂ ಹೋದೆ. ಬಿಪಿ ಏರಿತ್ತು, ಮಾತ್ರೆ ಕೊಟ್ಟರು. ಪ್ರಾರ್ಥಿಸುವವರು ಡಾಕ್ಟರ್ ಹತ್ತಿರ ಹೋಗುವುದು ನಂಬಿಕೆ ಕಡಿಮೆಯಾದ ಗುರುತು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಎಲೀಯನಿಗೆ ದೇವರು ಕೊಟ್ಟದ್ದು ನಿದ್ದೆ, ರೊಟ್ಟಿ, ನೀರು. ಮೈಗೆ ಬೇಕಾದದ್ದನ್ನೇ ಮೊದಲು ಕೊಟ್ಟ.

ಪ್ರಾರ್ಥನೆ ತಕ್ಷಣ ವಾಪಸ್ ಬರಲಿಲ್ಲ. ಸಭಾಪಾಲಕರು 88ನೇ ಕೀರ್ತನೆ ಓದಿ ಅಂದಿದ್ದರು. ಬೇರೆ ಗೋಳಿನ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಸ್ತುತಿಯ ಕಡೆ ತಿರುಗುತ್ತವೆ. 88 ತಿರುಗುವುದಿಲ್ಲ. ಕತ್ತಲಲ್ಲೇ ನಿಂತುಬಿಡುತ್ತದೆ. ಇಂಥದ್ದೂ ಬೈಬಲ್‌ನಲ್ಲಿ ಇದೆಯಲ್ಲಾ ಅನ್ನುವುದೇ ನನಗೆ ದೊಡ್ಡ ಸಮಾಧಾನವಾಯಿತು. ಯಾರೋ ಇದನ್ನು ದೇವರಿಗೇ ಹೇಳಿದ್ದಾರೆ. ದೇವರ ಜನ ಅದನ್ನು ಹರಿದುಹಾಕದೆ ಸಾವಿರಾರು ವರ್ಷ ಕಾಪಾಡಿಕೊಂಡು ಬಂದಿದ್ದಾರೆ. ರಾತ್ರಿ ಎರಡಕ್ಕೆ ಅವ್ವನನ್ನು ತಿರುಗಿಸಿದ ಮೇಲೆ ಎರಡೆರಡು ಸಾಲು ಅದನ್ನೇ ಓದುತ್ತಿದ್ದೆ. ನನ್ನದೇ ಮಾತು ಹುಡುಕುವ ಕೆಲಸ ಇರಲಿಲ್ಲ.

ಆಮೇಲೆ ನಿಧಾನಕ್ಕೆ ಚಿಕ್ಕ ಪ್ರಾರ್ಥನೆ ಶುರುವಾಯಿತು. ಕರ್ತನೇ, ನಾಲ್ಕು ಗಂಟೆಯ ತನಕ. ಅಷ್ಟೇ. ನಾಲ್ಕಕ್ಕೆ ಎದ್ದಾಗ, ಬೆಳಗಾಗುವ ತನಕ. ಮೊದಲೆಲ್ಲ ಇದನ್ನು ಎಷ್ಟು ವರ್ಷ ಮಾಡಬೇಕೋ ಅಂತ ಲೆಕ್ಕ ಹಾಕಿ ಕುಸಿಯುತ್ತಿದ್ದೆ. ಇಸ್ರಾಯೇಲ್ಯರಿಗೆ ಅಡವಿಯಲ್ಲಿ ದೇವರು ಕೊಟ್ಟ ಮನ್ನ ಎಂಬ ಆಹಾರವೂ ಹಾಗೇ ಅಲ್ವಾ? ಆ ದಿನಕ್ಕೆ ಸಾಕಾಗುವಷ್ಟು ಮಾತ್ರ. ಮರುದಿನಕ್ಕೆ ಇಟ್ಟರೆ ಹುಳ ಬೀಳುತ್ತಿತ್ತು. ನಾಳೆಯ ಬಲವನ್ನು ನಾನು ಇವತ್ತೇ ಕೇಳುತ್ತಿದ್ದೆ, ಸಿಗಲಿಲ್ಲ ಅಂತ ದೇವರ ಮೇಲೆ ಮುನಿಸಿಕೊಳ್ಳುತ್ತಿದ್ದೆ.

ಬಾಗಿಲಲ್ಲಿ ನಿಂತು ಹೇಳಿದವರ ಮಾತಿಗೂ ಉತ್ತರ ಸಿಕ್ಕಿತು. ಯೇಸುವಿನ ಅಪೊಸ್ತಲ ಪೌಲನಿಗೆ ಮೈಯಲ್ಲಿ ಒಂದು ಮುಳ್ಳು ಇತ್ತು. ತೆಗೆದುಬಿಡು ಅಂತ ಮೂರು ಸಲ ಬೇಡಿಕೊಂಡ. ದೇವರು ತೆಗೆಯಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಅಂದ. ಪೌಲನ ನಂಬಿಕೆ ಗಟ್ಟಿ ಇರಲಿಲ್ಲ ಅಂತ ಯಾರು ಹೇಳುತ್ತಾರೆ? ಇಲ್ಲೂ ಅದೇ ಸಾಕು ಅನ್ನುವ ಮಾತು. ಎಲೀಯ ದೇವರಿಗೆ ಹೇಳಿದ ಸಾಕು ಒಂದು, ದೇವರು ಪೌಲನಿಗೆ ಹೇಳಿದ ಸಾಕು ಇನ್ನೊಂದು. ಆ ತಿಂಗಳುಗಳಲ್ಲಿ ನಾನು ಈ ಎರಡರ ನಡುವೆಯೇ ಓಡಾಡಿಕೊಂಡಿದ್ದೆ.

ಏಪ್ರಿಲ್‌ನಲ್ಲಿ, ಈಸ್ಟರ್ ಕಳೆದ ವಾರ, ರಾತ್ರಿ ಕುಟುಂಬ ಪ್ರಾರ್ಥನೆಗೆ ಅವ್ವನ ಮಂಚದ ಸುತ್ತ ಕೂತಿದ್ದೆವು. ಅವ್ವನಿಗೆ ಆಗಿನ್ನೂ ಒಂದು ಮಾತೂ ಬರುತ್ತಿರಲಿಲ್ಲ. ನೀರು ಬೇಕಾದರೆ ಎಡಗೈಯಿಂದ ಮಂಚ ಬಡಿಯುತ್ತಿದ್ದಳು. ಕೊನೆಗೆ ಎಲ್ಲರೂ ಪರಲೋಕದಲ್ಲಿರುವ ನಮ್ಮ ತಂದೆಯೇ ಅಂತ ಶುರು ಮಾಡಿದೆವು. ದಿನವೂ ಹೇಳುವುದು, ನನ್ನ ಮನಸ್ಸು ಗಂಜಿಯ ಮೇಲಿತ್ತು. ಮಗಳು ನನ್ನ ಮೊಣಕೈ ತಿವಿದಳು. ನೋಡಿದೆ. ಅವ್ವನ ತುಟಿ ಅಲುಗಾಡುತ್ತಿತ್ತು. ನಾವು ದನಿ ತಗ್ಗಿಸಿದೆವು. "ಅನುದಿನದ ಆಹಾರವನ್ನು" ಅನ್ನುವಾಗ ಅವಳ ದನಿ ಕೇಳಿಸಿತು. ಒಡೆದ ದನಿ, ತೊದಲು, ಆದರೆ ಮಾತು. "ಈ ಹೊತ್ತು ನಮಗೆ ದಯಪಾಲಿಸು." ಮೂಗಿನಲ್ಲಿ ನಳಿಕೆ ಇಟ್ಟುಕೊಂಡ ಅವ್ವ ಆಹಾರ ಕೇಳುತ್ತಿದ್ದಳು. ನಮ್ಮ ಮನೆಯವರು ಮುಖ ಆಚೆ ತಿರುಗಿಸಿಕೊಂಡರು. ಅವ್ವ ನಿಲ್ಲಿಸಲಿಲ್ಲ, ಆಮೆನ್ ತನಕ ಹೇಳಿ ಮುಗಿಸಿದಳು.

ಮರುದಿನ ಬೆಳಿಗ್ಗೆ "ನೀರು" ಅಂತ ಹೇಳವ್ವಾ ಅಂದೆ. ಬರಲಿಲ್ಲ. ನನ್ನ ಹೆಸರು ಕೇಳಿದೆ. ಬರಲಿಲ್ಲ. ಫಿಸಿಯೋಥೆರಪಿ ಮಾಡಿಸುವವರು ಇದು ಹೀಗೇ ಅಂದರು. ನಾವು ಯೋಚಿಸಿ ಆಡುವ ಮಾತು ಹೆಚ್ಚಿನವರಿಗೆ ಮೆದುಳಿನ ಎಡಭಾಗದಲ್ಲಿ ಹುಟ್ಟುತ್ತದೆ. ಸಣ್ಣಂದಿನಿಂದ ಬಾಯಿಪಾಠವಾದ ಪ್ರಾರ್ಥನೆ, ಹಾಡು, ಎಣಿಕೆ ಇವು ಎಡಭಾಗಕ್ಕೆ ಪೆಟ್ಟು ಬಿದ್ದ ಮೇಲೂ ಎಷ್ಟೋ ಸಲ ಉಳಿದುಕೊಳ್ಳುತ್ತವೆಯಂತೆ. ದಿನಾ ಹೇಳಿಸಿ, ಹಾಡಿಸಿ, ಒಳ್ಳೆಯದು ಅಂದರು. ಹಾಗಾದರೆ ಇದು ಪವಾಡ ಅಲ್ಲ ಅಂತ ನನಗೆ ಬೇಜಾರಾಗಲಿಲ್ಲ. ಎಲ್ಲ ಕಸಿದುಕೊಂಡು ಹೋದ ಮನೆಯಲ್ಲಿ ಪ್ರಾರ್ಥನೆ ಒಂದು ಉಳಿದಿತ್ತು. ಅದನ್ನು ಅಷ್ಟು ಆಳದಲ್ಲಿ ಇಟ್ಟವರು ಯಾರು? ಎಪ್ಪತ್ತು ವರ್ಷ ದಿನವೂ ಹೇಳಿದ ಅವಳು. ಹೇಳಿಸಿದ ಅವಳ ಅವ್ವ. ಇನ್ನೂ ಹಿಂದಕ್ಕೆ ಹೋದರೆ ಯಾರ್ಯಾರೋ.

ಆಮೇಲೆ ಆ ಅಧ್ಯಾಯದ ಉಳಿದ ಭಾಗ ಓದಿದೆ. ಹೋರೇಬಿನಲ್ಲಿ ಎಲೀಯ ಎರಡು ಸಲ ಒಂದೇ ದೂರು ಹೇಳುತ್ತಾನೆ, ನಾನೊಬ್ಬನೇ ಉಳಿದಿದ್ದೇನೆ ಅಂತ. ದೇವರು ಕೊನೆಗೆ ಲೆಕ್ಕ ಕೊಡುತ್ತಾನೆ. ಬಾಳನಿಗೆ ಅಡ್ಡಬೀಳದ 7,000 ಜನ ಇದ್ದಾರೆ. ಜೊತೆಗೆ ಅವನ ಕೆಲಸ ಮುಂದುವರಿಸಲು ಎಲೀಷನನ್ನೂ ಕೊಡುತ್ತಾನೆ. ನಾನು ತಲೆ ಎತ್ತಿ ಕ್ಯಾಲೆಂಡರ್ ನೋಡಿದೆ. ಐದು ಹೆಸರು ಇದ್ದವು.

ಅವ್ವ ಎದ್ದು ಓಡಾಡುತ್ತಿಲ್ಲ. ನಳಿಕೆ ಮಾತ್ರ ಆ ವರ್ಷದ ಜೂನ್‌ನಲ್ಲಿ ತೆಗೆದರು. ಈಗ ಎತ್ತರಕ್ಕೆ ಕೂರಿಸಿ, ಗದ್ದ ತಗ್ಗಿಸಿ, ಚಮಚದಲ್ಲಿ ಕೊಟ್ಟರೆ ನುಂಗುತ್ತಾಳೆ. ನಾನು ದಿನಕ್ಕೆ ಒಂದೆರಡು ಬ್ಲೌಸ್ ಹೊಲಿಯುತ್ತೇನೆ. ಸಾಕಾಗುವ ದಿನಗಳು ಇನ್ನೂ ಬರುತ್ತವೆ. ಬಂದಾಗ ಆ ಅಕ್ಕನಿಗೆ ಫೋನ್ ಮಾಡುತ್ತೇನೆ, ಈಗ ನಾಚಿಕೆ ಇಲ್ಲ. ಆ ರಾತ್ರಿ ಕೂಗಿದ್ದಕ್ಕೆ ಅವ್ವನ ಕೈ ಹಿಡಿದು ಕ್ಷಮೆ ಕೇಳಿದ್ದೇನೆ. ಅವಳು ಎಡಗೈಯಿಂದ ನನ್ನ ತಲೆ ಸವರಿದಳು.

ಮಾತುಗಳಲ್ಲಿ ಒಂದೇ ಒಂದು ಅವಳದಾಗಿ ಉಳಿಯಿತು. ಪ್ರಾರ್ಥನೆಯ ಕೊನೆಯ ಮಾತು. ಏನು ಬೇಕಾದರೂ ಅವಳು ಆಮೆನ್ ಅನ್ನುತ್ತಾಳೆ. ಸೆಕೆಯಾದರೆ ಆಮೆನ್. ಮಗ್ಗಲು ನೋಯುತ್ತಿದ್ದರೆ ಆಮೆನ್. ಊಟ ಸಾಕಾದರೂ ಆಮೆನ್. ದನಿಯ ಏರಿಳಿತದಲ್ಲಿ ಯಾವುದು ಯಾವುದು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ನಿನ್ನೆ ರಾತ್ರಿ ಎರಡಕ್ಕೆ ಅಲಾರಂ ಹೊಡೆಯುವ ಮೊದಲೇ ಎಚ್ಚರವಾಯಿತು. ಕತ್ತಲಲ್ಲಿ ಅವ್ವ ಮೆಲ್ಲಗೆ ಕರೆಯುತ್ತಿದ್ದಳು. "ಆಮೆನ್." ಲೈಟ್ ಹಾಕಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಒಂದೊಂದೇ ಚಮಚ ನೀರು ಕುಡಿಸಿದೆ.